ಮೂರನೆಯ ಗುರುತು

ಮರದ ಬಟ್ಟಲು ಕಿವಿಗೆ ತಣ್ಣಗೆ ತಾಗುತ್ತದೆ, ಅದರೊಳಗೆ ಹಳೆಯ ಎಣ್ಣೆಯ ವಾಸನೆ, ಬಟ್ಟಲಿನಿಂದ ಕೆಳಕ್ಕೆ ಕಬ್ಬಿಣದ ಕೋಲು, ಕೋಲಿನ ತುದಿ ರಸ್ತೆಯ ಕಲ್ಲಿನ ಮೇಲೆ, ಕಲ್ಲಿನ ಕೆಳಗೆ ಮೂರೂವರೆ ಅಡಿ ಆಳದಲ್ಲಿ ನೀರಿನ ಕೊಳವೆ, ಆ ಕೊಳವೆಯಲ್ಲಿ ಎಲ್ಲೋ ಒಂದು ಬಿರುಕು — ಕ್ಷಮಿಸಬೇಕು, ಹೃದಯ, ಶಾಂತಿ, ಎಲ್ಲವೂ ಒಂದೇ ಎಂದೆಲ್ಲ ಯೋಚಿಸುವುದಕ್ಕೆ ನಾನು ಯಾರು, ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಹುಡುಕುವವಳು, ಹಗಲು ಮನೆಮನೆಯ ಮೀಟರು ಓದಿ ಸಂಜೆ ತರಗತಿಗೆ ಹೋಗಿ ಡಿಪ್ಲೊಮಾ ಮಾಡಿದವಳು, ಅದೂ ಎರಡನೆಯ ಸಲಕ್ಕೆ ಪಾಸಾದವಳು, ಇಂಥ ದೊಡ್ಡ ವಿಷಯ ಹೇಳಲು ಓದಿಕೊಂಡವರಿದ್ದಾರೆ, ನಾನು ಹೇಳಹೋದರೆ ಎಲ್ಲಾದರೂ ತಪ್ಪುತ್ತೇನೆ, ಆದರೆ ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೆ, ತಲೆಯೊಳಗೆ ನಾನೊಬ್ಬಳೇ, ಇರಲಿ, ಕೇಳಿಬಿಟ್ಟರೆ ಒಂದು ಸಮಾಧಾನ. ಬೆಳಗಿನ ಒಂಬತ್ತೂಕಾಲು. ಶಾಲೆಯ ಬಸ್ಸು ಹೋಯಿತು, ಅಂಗಡಿಗಳ ಬಾಗಿಲು ಇನ್ನೂ ಮೇಲೆದ್ದಿಲ್ಲ, ಈ ಓಣಿ ದಿನಕ್ಕೊಮ್ಮೆ ಸುಮ್ಮನಾಗುವುದು ಈ ಅರ್ಧ ಗಂಟೆ ಮಾತ್ರ, ಅಷ್ಟರೊಳಗೆ ಕೇಳಬೇಕು, ಕೇಳಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆಯಬೇಕು, ವೃತ್ತ ಬರೆದಲ್ಲಿ ಅಗೆಯುತ್ತಾರೆ, ಎರಡು ಸಲ ಬರೆದೆ, ಎರಡು ಸಲ ಅಗೆದರು, ಎರಡು ಸಲವೂ ಒಣ ಗುಂಡಿ. ಇದು ಮೂರನೇ ಸಲ ಅಕ್ಕಾ, ಇವತ್ತೂ ಹಾಗೇ ಆದ್ರೆ ನಾನೇನೂ ಮಾಡೋಕಾಗಲ್ಲ, ಕೋಲು ಕೊಟ್ಟುಬಿಡಿ, ಸ್ಟೋರ್ ರೂಮಲ್ಲಿ ಕೂತ್ಕೊಳ್ಳಿ, ಅಲ್ಲಿ ಫ್ಯಾನಿದೆ. ಇಂಜಿನಿಯರ್ ಮೇಡಂ ನನಗಿಂತ ಹದಿನೆಂಟು ವರ್ಷ ಚಿಕ್ಕವರು, ಫ್ಯಾನಿದೆ ಎಂದು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೂ ಅದು ಚುಚ್ಚುತ್ತದೆ, ಹನ್ನೊಂದು ವರ್ಷ ಈ ಕೋಲಿನ ಜೊತೆ ಓಣಿ ಓಣಿ ತಿರುಗಿದ್ದೇನೆ, ಜಗತ್ತಿನಲ್ಲಿ ನಾನು ಹೆದರದೆ ಮಾಡುವ ಕೆಲಸ ಅಂತ ಒಂದಿದ್ದರೆ ಇದೇ, ಕಲ್ಲಿಗೆ ಕೋಲು ಊರಿ ಕಣ್ಣು ಮುಚ್ಚುವುದು, ಅದೂ ಹೋದರೆ. ಆ ಎರಡನೆಯ ಗುಂಡಿ ಈಗಲೂ ಕಣ್ಣ ಮುಂದೆ ಇದೆ, ನುಣ್ಣಗೆ ಕಡಿದ ನಾಲ್ಕು ಗೋಡೆ, ಹಳದಿ ಮಣ್ಣು, ತಳದಲ್ಲಿ ಏನೂ ಇಲ್ಲ, ಒಂದು ಹನಿ ತೇವ ಇಲ್ಲ, ಎರಡು ಮನೆಗಳ ನಡುವಿನ ಸಂದಿಯಿಂದ ಬಂದ ಬಿಸಿಲು ಕರವಸ್ತ್ರದಷ್ಟು ಅಗಲಕ್ಕೆ ಅಲ್ಲಿ ಬಿದ್ದಿತ್ತು, ಯಾರೋ ಮಡಿಸಿ ಇಟ್ಟು ಮರೆತುಹೋದ ಹಾಗೆ. ಓಣಿಯವರೆಲ್ಲ ಸುತ್ತ ನಿಂತು ಇಣುಕಿದರು, ಗುಂಡಿಯೊಳಗೆ ಏನಿಲ್ಲವೋ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಮೊದಲು ಇಲ್ಲಿಂದಲೇ ಶುರು ಮಾಡಬೇಕು, ಓಣಿಯ ಇಳಿಜಾರಿನ ಕೊನೆಯಿಂದ, ಟೈಲರಮ್ಮನ ಮನೆಯ ಮುಂದಿನಿಂದ, ಯಾಕೆಂದರೆ ಒದ್ದೆಯಾಗಿರುವುದು ಅವರ ಗೋಡೆ, ನೆಲದಿಂದ ಒಂದು ಮೊಳ ಮೇಲಕ್ಕೆ ಸುಣ್ಣ ಉಬ್ಬಿ ಉದುರಿದೆ, ಕಿಟಕಿಯ ಮೂಲೆಯಿಂದ ಒಂದು ಬಿರುಕು, ಹೋದ ವಾರ ನನ್ನ ಉಗುರು ಹೋಗುತ್ತಿತ್ತು, ಈ ವಾರ ಬೆರಳ ತುದಿಯೇ ಹೋಗುತ್ತದೆ, ಆ ಕಿಟಕಿಯ ಒಳಗೆ ಮಂಚ, ಮಂಚದ ಮೇಲೆ ಟೈಲರಮ್ಮನ ಅತ್ತೆ, ಅಜ್ಜಿ, ಎರಡು ವರ್ಷದಿಂದ ಸೊಂಟ ಎತ್ತಲಾರದೆ ಮಲಗಿದ್ದಾರೆ, ಒಳಗಿನ ಕೋಣೆಗೆ ಬನ್ನಿ ಅತ್ತೆ ಅಂದ್ರೆ ಕೇಳಲ್ಲ ಕಣ್ರೀ, ಅಲ್ಲಿ ಹೋದ್ರೆ ರಸ್ತೆ ಕಾಣಲ್ಲ ಅಂತಾರೆ, ನಾನೇನು ಎತ್ಕೊಂಡು ಹೋಗ್ಲಾ, ಎನ್ನುತ್ತಾರೆ ಟೈಲರಮ್ಮ. ಗುಂಡಿ ತೋಡಿದ ದಿನವೂ ಅಜ್ಜಿ ಕಿಟಕಿಯಿಂದ ನೋಡುತ್ತಿದ್ದರು, ಬಂದ್ಯಾ ಮಗಳೇ, ಕೋಲು ತಂದ್ಯಾ, ಯಾಕೆ ಹಂಗೆ ಬೆವರ್ತೀಯ, ಗೋಡೆ ಬಿದ್ರೆ ನನ್ ಮೇಲೆ ತಾನೇ ಬೀಳೋದು, ನಿನ್ ಮೇಲಲ್ಲವಲ್ಲ. ನಕ್ಕರು. ನನಗೆ ನಗು ಬರಲಿಲ್ಲ, ಎದೆ ಧಸಕ್ಕೆಂದಿತು, ಕೋಲನ್ನು ಇನ್ನೂ ಬಿಗಿಯಾಗಿ ಹಿಡಿದೆ, ಕಿವಿಯನ್ನು ಬಟ್ಟಲಿಗೆ ಇನ್ನೂ ಒತ್ತಿದೆ, ಹಾಗೆ ಒತ್ತಿದಾಗ ಸದ್ದು ಜೋರಾಯಿತು, ಸುಯ್ಯ್ ಸುಯ್ಯ್ ಎಂದು, ಬೇರೆಲ್ಲೂ ಇಲ್ಲದಷ್ಟು ಜೋರು, ಆ ಕಿಟಕಿಯ ಎದುರಿಗೇ, ಇಲ್ಲೇ ಇದೆ ಎಂದು ವೃತ್ತ ಬರೆದೆ. ಮೊದಲ ಸಲ ಅಲ್ಲೇ, ಎರಡನೆಯ ಸಲ ಅಲ್ಲಿಂದ ಎರಡು ಹೆಜ್ಜೆ ಆಚೆ. ಸಂಜೆ ತರಗತಿಯಲ್ಲಿ ಮೊದಲ ವಾರ ಮೇಷ್ಟ್ರು ಹೇಳಿಕೊಟ್ಟಿದ್ದು ಒಂದೇ ಮಾತು, ಸೋರಿಕೆ ಉಸಿರಾಡಲ್ಲ, ಬರ್ಕೊಳ್ಳಿ, ಏರಿಳಿತ ಇದ್ರೆ ಅದು ಸೋರಿಕೆ ಅಲ್ಲ, ಪಂಪು ಇರಬಹುದು, ಮೋಟಾರು ಇರಬಹುದು, ಸೋರಿಕೆ ಮಾತ್ರ ಒಂದೇ ಸಮ. ಬರೆದುಕೊಂಡಿದ್ದೆ, ಕೆಂಪು ಶಾಯಿಯಲ್ಲಿ ಗೆರೆ ಹಾಕಿದ್ದೆ, ಆದರೂ ಆ ಕಿಟಕಿಯ ಮುಂದೆ ಕೇಳಿದ್ದು ಎಷ್ಟು ಬೇಗ ಬೇಗ ಬರುತ್ತಿತ್ತೆಂದರೆ ಏರೂ ಇಳಿತವೂ ಸೇರಿ ಒಂದೇ ಸಮ ಆಗಿಬಿಟ್ಟಿತ್ತು.

ಗೊತ್ತಾದದ್ದು ಕಳೆದ ಭಾನುವಾರ ಮಧ್ಯಾಹ್ನ. ಕೋಲನ್ನು ಒರೆಸಲು ಮನೆಗೆ ತಂದಿದ್ದೆ, ಗಂಡ ಪೇಪರು ಓದುತ್ತ ಕೂತಿದ್ದ, ಬಸ್ಸಿನ ಕಂಡಕ್ಟರು, ಇಡೀ ವಾರ ಕೂಗಿ ಕೂಗಿ ಭಾನುವಾರ ಬಾಯಿಗೆ ಬೀಗ ಹಾಕುವ ಮನುಷ್ಯ, ಸುಮ್ಮನೆ ಅಡುಗೆಮನೆಯ ಗೋಡೆಗೆ ಕೋಲಿಟ್ಟು ಕೇಳಿದೆ, ಆ ಗೋಡೆಯಲ್ಲಿ ಕೊಳವೆ ಇಲ್ಲ, ನನಗೇ ಗೊತ್ತು, ಆದರೆ ಸುಯ್ಯ್ ಸುಯ್ಯ್. ಗೋಡೆ ಬಿಟ್ಟು ಬಾಗಿಲಿಗೆ ಇಟ್ಟೆ, ಸುಯ್ಯ್ ಸುಯ್ಯ್. ಮಂಚದ ಮೇಲಿನ ದಿಂಬಿಗೆ ಇಟ್ಟೆ, ದಿಂಬೊಳಗೆ ಹತ್ತಿ, ಹತ್ತಿಯೊಳಗೆ ಯಾವ ನೀರು, ಆದರೂ ಅದೇ ಸದ್ದು, ಜೋರಾಗಿ, ಮತ್ತೂ ಜೋರಾಗಿ. ಏನೇ ಅದು, ದಿಂಬು ಸೋರ್ತಿದೆಯಾ, ಅಂದ ಪೇಪರಿನ ಹಿಂದಿನಿಂದ. ನಾನು ಬೆರಳನ್ನು ಮಣಿಕಟ್ಟಿಗಿಟ್ಟೆ, ನಾಡಿ ಹೊಡೆದಾಗ ಸುಯ್ಯ್, ಹೊಡೆದಾಗ ಸುಯ್ಯ್, ತಪ್ಪದ ತಾಳ, ಅಯ್ಯೋ, ಇಷ್ಟು ದಿನ ನಾನು ಕೇಳಿದ್ದು ನನ್ನನ್ನೇ. ಕಿವಿ ಬಿಗಿಯಾಗಿ ಒತ್ತಿದರೆ ನಮ್ಮದೇ ರಕ್ತದ ಸದ್ದು ಕೇಳುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತೇನೆ, ನಾನೇ, ಹೋದ ವರ್ಷ ಇಬ್ಬರಿಗೆ ಹೇಳಿಕೊಟ್ಟಿದ್ದೇನೆ, ಮತ್ತು ನಾನೇ ನನ್ನ ಎದೆಬಡಿತಕ್ಕೆ ಎರಡು ಸಲ ರಸ್ತೆ ಅಗೆಸಿದ್ದೇನೆ. ಆ ಕಿಟಕಿಯ ಎದುರೇ ಯಾಕೆ ಜೋರು ಎಂಬುದೂ ಆಗ ತಿಳಿಯಿತು, ಭಯ ಎಲ್ಲಿ ಹೆಚ್ಚೋ ಅಲ್ಲಿ ಎದೆ ಜೋರು, ಎದೆ ಎಲ್ಲಿ ಜೋರೋ ಅಲ್ಲಿ ನನ್ನ ಸೀಮೆಸುಣ್ಣ, ಅಜ್ಜಿಯ ಬಿರುಕು ಬಿಟ್ಟ ಗೋಡೆಯ ಮುಂದೆ ನಾನು ಕೋಲು ಊರಿ ನನ್ನ ಹೆದರಿಕೆಯನ್ನು ಅಳೆದಿದ್ದೆ, ಅಳೆದು ಅದರ ಸುತ್ತ ವೃತ್ತ ಬರೆದಿದ್ದೆ. ಗಂಡನಿಗೆ ಹೇಳಿದೆ. ಪೇಪರು ಕೆಳಗಿಟ್ಟ, ನಗುತ್ತಾನೆ ಅಂದುಕೊಂಡೆ, ನಗಲಿಲ್ಲ, ನಿಂಗೆ ಎದೆ ಅಷ್ಟು ಹೊಡ್ಕೊಳ್ಳುತ್ತಾ, ನಂಗ್ಯಾಕೆ ಹೇಳ್ಲಿಲ್ಲ ಅಂದ. ಅದಕ್ಕೂ ಎಷ್ಟೋ ಮೊದಲೇ, ಅವನಿಗೆ ಹೇಳದೆ, ಡಾಕ್ಟರ ಹತ್ತಿರ ಹೋಗಿದ್ದೆ, ಎದೆಗೆ ವೈರು ಅಂಟಿಸಿ ಪಟ್ಟಿ ತೆಗೆದರು, ಏನೂ ಇಲ್ಲಮ್ಮ, ಗಟ್ಟಿಯಾಗಿದೆ, ಸ್ವಲ್ಪ ಸುಮ್ನೆ ಕೂತ್ಕೊಳ್ಳೋದು ಕಲೀರಿ ಅಂದರು, ಸುಮ್ಮನೆ ಕೂರುವುದನ್ನು ಯಾವ ತರಗತಿಯಲ್ಲಿ ಹೇಳಿಕೊಡುತ್ತಾರೆ ಎಂದು ಕೇಳುವಷ್ಟು ಧೈರ್ಯ ಬರಲಿಲ್ಲ, ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಗುರುವಾರ ಸಂಜೆ ಒಬ್ಬರು ಹೇಳಿಕೊಡುತ್ತಾರೆಂದು ಆಮೇಲೆ ಗೋಡೆಯ ಮೇಲಿನ ಚೀಟಿ ನೋಡಿ ತಿಳಿದದ್ದು.

ಅಲ್ಲಿ ಹೇಳಿಕೊಡುವ ಟೀಚರಮ್ಮ ನಿವೃತ್ತರಾದ ಗಣಿತದ ಟೀಚರು, ಅರ್ಧ ಕಿವುಡು, ಬಲಗಿವಿಯಲ್ಲಿ ಯಂತ್ರ, ಅದು ಆಗಾಗ ಕೀ ಎನ್ನುತ್ತದೆ, ಇರು, ಇವನು ಮೊದಲು ಹಾಡಿ ಮುಗಿಸ್ಲಿ ಎಂದು ಅದನ್ನು ತಿರುವುತ್ತಾರೆ, ನಾವು ಆರು ಜನ, ಮಡಚುವ ಕುರ್ಚಿಗಳು, ನಾನು ನೋಟ್‌ಬುಕ್ಕಿನಲ್ಲಿ ಅಂಚುಗೆರೆ ಎಳೆದು ತಾರೀಖು ಹಾಕಿ ಬರೆದುಕೊಳ್ಳುವವಳು, ಉಳಿದವರು ಸುಮ್ಮನೆ ಕೇಳುವವರು. ಟೀಚರಮ್ಮ ಹೇಳಿದರು, ಹೃದಯ ಅಂದ್ರೆ ಡಾಕ್ಟರು ನೋಡೋ ಆ ಮಾಂಸದ ಮುದ್ದೆ ಅಲ್ಲ, ಅದು ಪಾಪ ಕೂಲಿ ಕೆಲಸದ್ದು, ದುಡೀತಾ ಇರುತ್ತೆ, ದುಡೀಲಿ, ನಮ್ಮ ಹಿರಿಯರು ಹೃದಯ ಅಂದಿದ್ದು ಇನ್ನೊಂದನ್ನ, ಎದೆಯೊಳಗೆ ಒಂದು ಗುಹೆ ಅಂದ್ರು, ಗುಹೆಯೊಳಗೆ ಒಂದು ಸಣ್ಣ ಆಕಾಶ, ನಾನು ಅನ್ನೋದು ಹುಟ್ಟೋದೂ ಅಲ್ಲೇ, ಮಲಗೋದೂ ಅಲ್ಲೇ. ನಾನು ಬರೆದುಕೊಂಡೆ, ಗುಹೆ, ಸಣ್ಣ ಆಕಾಶ, ಆಮೇಲೆ ಕೈ ಎತ್ತಿದೆ, ಎಷ್ಟು ಆಳದಲ್ಲಿದೆ ಟೀಚರ್? ಎಲ್ಲರೂ ನಕ್ಕರು. ಅವರೂ ನಕ್ಕರು, ಯಾಕಮ್ಮಾ, ಅಗೆಯೋಕೆ ಹೋಗ್ತೀಯಾ? ಕೆನ್ನೆ ಬಿಸಿಯಾಯಿತು, ಆದರೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು, ಆಳ ಗೊತ್ತಿಲ್ಲದೆ ನಾನು ಯಾವುದನ್ನೂ ಹುಡುಕಿದವಳಲ್ಲ. ಅವರು ಎದ್ದು ಕೋಣೆಯ ನಡುವಿನ ಮರದ ತಡಿಕೆಗೆ ಕೈ ಇಟ್ಟರು, ಇದರ ಆ ಕಡೆ ಮಕ್ಕಳ ಪುಸ್ತಕ, ಈ ಕಡೆ ನಾವು, ಇದನ್ನ ಹಾಕಿದ್ದು ಹೋದ ವರ್ಷ, ಹಾಕಿದಾಗ ಜಾಗ ಎರಡಾಯ್ತಾ, ಇಲ್ಲ ತಾನೇ, ನಮಗೆ ಹಾಗೆ ಕಾಣುತ್ತೆ, ನಿನ್ನೊಳಗಿನ ಆಕಾಶ, ನನ್ನೊಳಗಿಂದು, ಆ ಬಾಗಿಲಲ್ಲಿ ಕೂತಿರೋ ವಾಚ್‌ಮನ್ ಒಳಗಿಂದು, ಮಧ್ಯೆ ತಡಿಕೆ ಇದೆ, ಅಷ್ಟೇ. ಸರಿ ಎಂದು ಬರೆದುಕೊಂಡೆ. ಮನೆಯಲ್ಲಿ ದಿನಾ ಬೆಳಿಗ್ಗೆ ಕುರ್ಚಿಯ ಮೇಲೆ ಕೂತು ಆ ಗುಹೆಯನ್ನು ಹುಡುಕಿದೆ, ಸಿಕ್ಕಿದ್ದು ಬರೀ ಬಡಿತ, ಬಡಿತ ಕೇಳಿದರೆ ಗಾಬರಿ, ಗಾಬರಿಯಾದರೆ ಇನ್ನೂ ಬಡಿತ, ಎಲ್ಲರಿಗೂ ಸಿಗುವುದು ನನಗೆ ಮಾತ್ರ ಸಿಗುವುದಿಲ್ಲವೇನೋ, ನಾನು ಕೂರುವ ರೀತಿಯೇ ತಪ್ಪೇನೋ, ಕುರ್ಚಿಯೇ ತಪ್ಪೇನೋ. ದಿಂಬಿನ ಭಾನುವಾರ ಕಳೆದು ಗುರುವಾರ ಬಂತು, ನಿನ್ನೆ, ಉಳಿದವರು ಹೋದಮೇಲೆ ಅವರಿಗೊಬ್ಬರಿಗೇ ಹೇಳಿದೆ, ಎರಡು ಗುಂಡಿ, ಅಜ್ಜಿ, ಗೋಡೆ, ದಿಂಬು, ಎಲ್ಲ, ಕಿವಿಯ ಯಂತ್ರದ ಹತ್ತಿರ ಬಾಗಿ ಎರಡೆರಡು ಸಲ ಹೇಳಬೇಕಾಯಿತು. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಅಲ್ವೇ, ಜನ ಕಣ್ಣು ಮುಚ್ಚಿ ವರ್ಷಗಟ್ಟಲೆ ಕೂತ್ರೂ ತಮ್ಮನ್ನ ತಾವು ಕೇಳಿಸ್ಕೊಳ್ಳಲ್ಲ, ನಿಂಗೆ ನಡುರಸ್ತೇಲಿ ಕೇಳಿಸ್ತು, ನೀನು ಅದನ್ನ ಸೋರಿಕೆ ಅಂದ್ಬಿಟ್ಟೆಯಲ್ಲೇ. ನನಗೆ ಅಳು ಬಂತು. ನಾಳೆ ಕೊನೇ ಸಲ ಟೀಚರ್, ಆ ಸದ್ದು ನಿಲ್ಲಿಸೋದು ಹೇಗೆ ಹೇಳಿಕೊಡಿ. ಅವರು ನಗು ನಿಲ್ಲಿಸಿದರು, ನನ್ನ ಕೈ ಹಿಡಿದುಕೊಂಡರು, ಅವರ ಬೆರಳಲ್ಲಿ ಇನ್ನೂ ಸೀಮೆಸುಣ್ಣದ ಒರಟು ಉಳಿದಿದೆ, ಎಷ್ಟು ವರ್ಷ ಬರೆದರೋ. ನಿಲ್ಸೋಕೆ ಹೋಗ್ಬೇಡ, ನಿಂತ್ರೆ ನೀನೇ ಇರಲ್ಲ, ಅದು ಹೊಡ್ಕೊಳ್ಳಲಿ, ಹೊಡ್ಕೊಳ್ಳೋದು ನಿಂಗೆ ಕೇಳ್ಸುತ್ತೆ ತಾನೇ, ಕೇಳಿಸ್ಕೊಳ್ಳೋದು ಯಾವುದು ಅಂತ ನೋಡು, ಅದು ಹೊಡ್ಕೊಳ್ಳಲ್ಲ, ಹೋಗಿ ಅಲ್ಲಿ ಕೂತ್ಕೋ, ಅಷ್ಟೇ, ಇದರ ಮೇಲೆ ನಂಗೂ ಗೊತ್ತಿಲ್ಲ.

ಆದ್ದರಿಂದ ಈಗ ಇಲ್ಲಿ, ಒಂಬತ್ತೂಕಾಲು, ಅಜ್ಜಿಯ ಕಿಟಕಿಯ ಮುಂದೆ, ಮುಚ್ಚಿದ ಎರಡು ಗುಂಡಿಗಳ ಎರಡು ಕಪ್ಪು ತೇಪೆಗಳ ನಡುವೆ. ಹಿಂದೆ ಗುದ್ದಲಿಯಣ್ಣ ಕಟ್ಟೆಯ ಮೇಲೆ ಕೂತಿದ್ದಾನೆ, ಎರಡು ಗುಂಡಿಯನ್ನೂ ಅಗೆದವನು ಅವನೇ, ಕಚೇರಿಯಲ್ಲಿ ನನಗೆ ಕಿವಿಯಕ್ಕ ಎಂದು ಹೆಸರಿಟ್ಟವನೂ ಅವನೇ, ಕಿವಿಯಕ್ಕಾ, ಇವತ್ತಾದ್ರೂ ನೀರಿರೋ ಕಡೆ ತೋರ್ಸು, ನನ್ ಸೊಂಟ ಸರ್ಕಾರದ್ದಲ್ಲ. ಬಟ್ಟಲಿಗೆ ಕಿವಿ ಕೊಡುತ್ತೇನೆ. ಸುಯ್ಯ್ ಸುಯ್ಯ್, ಬಂತು, ಬಾರಪ್ಪಾ, ನಿನ್ನನ್ನೇ ಕಾಯುತ್ತಿದ್ದೆ, ಕಿವಿಯನ್ನು ಬಟ್ಟಲಿನಿಂದ ಒಂದು ಕೂದಲೆಳೆ ಹಿಂದಕ್ಕೆ ತೆಗೆಯುತ್ತೇನೆ, ಕೋಲು ಹಿಡಿದ ಮುಷ್ಟಿ ಸಡಿಲಿಸುತ್ತೇನೆ, ಭುಜ ಇಳಿಯುತ್ತದೆ, ಇಷ್ಟು ಹೊತ್ತು ಭುಜ ಕಿವಿಯ ಹತ್ತಿರವೇ ಇತ್ತೆಂದು ಇಳಿದಮೇಲೆ ಗೊತ್ತಾಯಿತು, ಸುಯ್ಯ್ ಸುಯ್ಯ್, ಹೊಡೆದುಕೋ, ಅಜ್ಜಿ ಇದ್ದಾರೆ, ಗೋಡೆ ಇದೆ, ಬಿರುಕಿದೆ, ಹೌದು, ಹೆದರಿಕೆ ಇದೆ, ಅದೂ ಇರಲಿ, ಕೇಳಿಸುವುದು ಯಾವುದು, ಯಾವುದು ಎಂದು ಹುಡುಕಿದರೆ ಮತ್ತೆ ಬಿಗಿಯುತ್ತದೆ, ಹುಡುಕಬೇಡ, ಕೂತುಕೋ ಅಂದರು, ಕೂರುತ್ತೇನೆ, ನಿಂತುಕೊಂಡೇ ಕೂರುತ್ತೇನೆ — ಬಡಿತ ಅಲ್ಲೇ ಇದೆ, ಆದರೆ ಅದು ಈಗ ಪಕ್ಕದ ಮನೆಯ ಹೊಲಿಗೆ ಯಂತ್ರದ ಹಾಗೆ, ಯಾರೋ ದುಡಿಯುತ್ತಿದ್ದಾರೆ, ಪಾಪ, ದುಡಿಯಲಿ, ಅದರ ಸುತ್ತ ಒಂದು ಖಾಲಿ, ದೊಡ್ಡದೋ ಚಿಕ್ಕದೋ ಹೇಳಲಾರೆ, ಅಳೆಯುವುದಕ್ಕೆ ಅಂಚೇ ಇಲ್ಲ, ಒಳಗೆ ಇದೆ ಅನ್ನುವಷ್ಟರಲ್ಲಿ ಹೊರಗೂ ಅದೇ, ಗುದ್ದಲಿಯಣ್ಣ ಕೆಮ್ಮಿದ್ದು ಅದರೊಳಗೇ ಆಯಿತು, ಅಜ್ಜಿ ಕಿಟಕಿಯ ಸರಳಿಗೆ ಉಂಗುರ ತಾಗಿಸಿ ಟಿಣ್ ಅನ್ನಿಸಿದ್ದೂ ಅದರೊಳಗೇ, ಎಲ್ಲೂ ತಡಿಕೆ ಸಿಗಲಿಲ್ಲ, ಅಜ್ಜಿಯ ಉಸಿರು ನನ್ನದೇ ಅನ್ನಿಸಿತು, ಇದು ಅತಿಯಾಯಿತು, ಅನ್ನಿಸಿತು ಅಷ್ಟೇ, ಅನ್ನಿಸಿದ್ದಕ್ಕೆಲ್ಲ ಸಾಕ್ಷಿ ಎಲ್ಲಿಂದ ತರಲಿ, ಆದರೆ ಒಂದು ಗೊತ್ತು, ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು, ಇಷ್ಟು ವರ್ಷ ಬಿಗಿ ಹಿಡಿದಿದ್ದ ಯಾವುದೋ ಒಂದು ಮುಷ್ಟಿ ಬಿಚ್ಚಿತು, ಕಣ್ಣಿಂದ ನೀರು ಬಂದು ಮರದ ಬಟ್ಟಲಿಗೆ ಇಳಿಯಿತು. ಆಗ ಕೇಳಿತು. ಬಹಳ ಸಣ್ಣಗೆ, ಬಹಳ ದೂರದಿಂದ, ಏರಿಲ್ಲ, ಇಳಿತವಿಲ್ಲ, ಸ್ಸ್ಸ್ ಎಂದು ಒಂದೇ ಸಮ, ಕಾಗದದ ಮೇಲೆ ಯಾರೋ ಎತ್ತದೆ ಎಳೆಯುತ್ತಿರುವ ಗೆರೆಯ ಹಾಗೆ, ಬಡಿತದ ಕೆಳಗಿಂದ, ಬಡಿತಕ್ಕೆ ಸಂಬಂಧವೇ ಇಲ್ಲದೆ. ಸೋರಿಕೆ ಉಸಿರಾಡಲ್ಲ. ಇಲ್ಲಿ ಅಲ್ಲ, ಕಿಟಕಿಯ ಮುಂದೆ ಅಲ್ಲವೇ ಅಲ್ಲ, ಮೇಲೆ, ಏರಿನ ಕಡೆ.

ಒಂದು ಹೆಜ್ಜೆಗೊಮ್ಮೆ ಕೋಲು ಊರುತ್ತ ಹೋದೆ, ಐದು, ಹತ್ತು, ಹದಿನಾರು, ಗೆರೆ ದಪ್ಪವಾಗುತ್ತ ಬಂತು, ಮೂವತ್ತೊಂದನೆಯ ಹೆಜ್ಜೆಗೆ ಸೈಕಲ್ ರಿಪೇರಿ ಅಂಗಡಿ, ಮುಚ್ಚಿ ವರ್ಷವಾದ ಅಂಗಡಿ, ಬಾಗಿಲ ಮುಂದೆ ಧೂಳು, ಒಂದು ಹಳೆಯ ಟೈರು, ಅಲ್ಲಿ ಯಾರೂ ಇಲ್ಲ, ಯಾರ ಗೋಡೆಯೂ ಒದ್ದೆಯಿಲ್ಲ, ಹೆದರುವುದಕ್ಕೆ ಏನೂ ಇಲ್ಲ, ಅದಕ್ಕೇ ನಾನು ಎರಡು ಸಲವೂ ಇಲ್ಲಿಗೆ ಬರಲೇ ಇಲ್ಲ. ಮೂವತ್ತೆರಡನೆಯ ಹೆಜ್ಜೆಗೆ ಗೆರೆ ಸಣ್ಣಗಾಯಿತು. ಹಿಂದೆ ಬಂದು ವೃತ್ತ ಬರೆದೆ, ವೃತ್ತದ ಎರಡು ತುದಿ ಸರಿಯಾಗಿ ಕೂಡಿತು. ಗುದ್ದಲಿಯಣ್ಣ ಬಂದು ವೃತ್ತ ನೋಡಿದ, ಇಳಿಜಾರಿನ ಕೊನೆಯ ಗೋಡೆ ನೋಡಿದ, ಅಲ್ಲಾ ಕಿವಿಯಕ್ಕಾ, ಜ್ವರ ಅವಳಿಗೆ, ಸೂಜಿ ಇವನಿಗಾ? ಕೊಳವೆ ಸುತ್ತ ಮರಳಿರುತ್ತಲ್ಲ ಅಣ್ಣಾ, ನೀರು ಆ ಮರಳಲ್ಲೇ, ನಾವು ಅಗೆದಿದ್ದಕ್ಕಿಂತ ಕೆಳಗೆ, ಇಳ್ಕೊಂಡು ಹೋಗಿ ಅಲ್ಲಿ ಎದ್ದಿರಬಹುದು. ಬಹುದು ಅಂತೀಯ. ಹೌದು, ಬಹುದು. ಇದೂ ಒಣ ಗುಂಡಿ ಆದ್ರೆ ನಿನ್ನನ್ನೇ ಒಳಗೆ ಹಾಕಿ ಮುಚ್ತೀನಿ ನೋಡು. ಅಂಗಿ ಬಿಚ್ಚಿ ಬಾಗಿಲ ಚಿಲಕಕ್ಕೆ ನೇತುಹಾಕಿದ, ಕಲ್ಲು ಎಬ್ಬಿಸಿದ, ಠಕ್ ಠಕ್, ಒಂದಡಿ, ಒಣ ಮಣ್ಣು. ಅಷ್ಟರಲ್ಲಿ ಇಂಜಿನಿಯರ್ ಮೇಡಂ ಬಂದರು, ಸ್ಕೂಟರು ನಿಲ್ಲಿಸಿ ಹೆಲ್ಮೆಟ್ಟು ತೆಗೆಯದೆ ಇಣುಕಿದರು, ಎರಡಡಿ, ಒಣ ಮಣ್ಣು, ಈಗಲೇ ಹೇಳಿಬಿಡಬೇಕು, ನೀರು ಸಿಕ್ಕಮೇಲೆ ಹೇಳಿದರೆ ಅದು ಜಂಭ, ಸಿಗದೆ ಹೋದಮೇಲೆ ಹೇಳಿದರೆ ನೆಪ, ಹೇಳುವುದಾದರೆ ಈ ಎರಡಡಿಯಲ್ಲೇ. ಮೇಡಂ, ಹಿಂದಿನ ಎರಡೂ ಗುಂಡಿ ನನ್ನ ತಪ್ಪು, ಕೋಲು ಸರಿಯಾಗೇ ಇತ್ತು, ಹೆದರಿಕೆಯಲ್ಲಿ ಕಿವಿ ಒತ್ತಿ ಹಿಡಿದೆ, ನಾನು ಕೇಳಿದ್ದು ನನ್ನ ಎದೆಬಡಿತ. ಹೆಲ್ಮೆಟ್ಟಿನ ಗಾಜು ಮೇಲೆತ್ತಿದರು. ಏನು ಕೇಳಿದ್ದು? ಎದೆಬಡಿತ ಮೇಡಂ, ನಂದೇ. ಗುಂಡಿಯೊಳಗೆ ಗುದ್ದಲಿ ನಿಂತಿತು. ನಿನ್ ಎದೆ ನೋಡೋಕೆ ನಾನು ಎರಡು ಸಲ ರಸ್ತೆ ಅಗೆದ್ನಾ, ಅಂದ ಗುದ್ದಲಿಯಣ್ಣ ಕೆಳಗಿನಿಂದ, ಮೊದ್ಲೇ ಹೇಳಿದ್ರೆ ನಿನ್ನ ಗಂಡನ್ನ ಕೇಳ್ತಿದ್ನಲ್ಲಾ. ಮೇಡಂ ನಗು ತಡೆಯಲು ಗಾಜು ಇಳಿಸಿಕೊಂಡರು, ಗಾಜಿನ ಹಿಂದೆ ಭುಜ ಕುಲುಕುತ್ತಿತ್ತು, ಸ್ವಲ್ಪ ಹೊತ್ತಿಗೆ ಮೆಲ್ಲಗೆ ಹೇಳಿದರು, ಅಕ್ಕಾ, ಅದನ್ನ ರಿಪೋರ್ಟಲ್ಲಿ ಬರೀಬೇಡಿ, ಅದಕ್ಕೆ ಕಾಲಂ ಇಲ್ಲ. ಆಮೇಲೆ, ಇನ್ನೂ ಮೆಲ್ಲಗೆ, ನಂಗೂ ಮೀಟಿಂಗಲ್ಲಿ ಹಾಗೇ ಆಗುತ್ತೆ, ಬೇರೆ ಯಾರ ಮಾತೂ ಕೇಳಿಸಲ್ಲ. ಎರಡೂವರೆ ಅಡಿ. ಒಣ ಮಣ್ಣು. ಗುದ್ದಲಿಯಣ್ಣ ಬೆನ್ನು ನೆಟ್ಟಗೆ ಮಾಡಲು ಮೇಲೆ ಬಂದ, ನಾನು ಇಣುಕಿದೆ, ನುಣ್ಣಗೆ ಕಡಿದ ನಾಲ್ಕು ಗೋಡೆ, ಹಳದಿ ಮಣ್ಣು, ತಳದಲ್ಲಿ ಏನೂ ಇಲ್ಲ, ಅಂಗಡಿಯ ಸೂರಿನ ತೂತಿನಿಂದ ಕರವಸ್ತ್ರದಷ್ಟು ಬಿಸಿಲು, ಅದೇ ಗುಂಡಿ, ಮೂರನೆಯ ಸಲ. ಎದೆ ಹೊಡೆದುಕೊಳ್ಳಲು ಶುರುವಾಯಿತು, ಆಗಬೇಕಾದದ್ದೇ, ಸ್ಟೋರ್ ರೂಮು, ಫ್ಯಾನು, ಕೊಳವೆಯ ತುಂಡುಗಳಿಗೆ ಚೀಟಿ ಅಂಟಿಸುವುದು, ಎಲ್ಲ ಕಂಡಿತು, ಮತ್ತು ವಿಚಿತ್ರ, ಅದೆಲ್ಲವನ್ನೂ ನೋಡುತ್ತಿದ್ದದ್ದು ಹೆದರಲಿಲ್ಲ, ಗುಂಡಿ ಖಾಲಿಯಾಗಿತ್ತು, ಆ ಖಾಲಿಯ ಗುರುತು ನನಗಿತ್ತು, ಇಷ್ಟು ದಿನ ನಾಚಿಕೆಯಿಂದ ನೋಡಿದ್ದ ಗುಂಡಿಯೊಳಗೆ ಈಗ ನಾನು ಒಬ್ಬರ ಮನೆಯೊಳಗೆ ಇಣುಕುವ ಹಾಗೆ ಇಣುಕಿದೆ, ಕೋಲು ಹೋದರೂ ಇದು ಹೋಗುವುದಿಲ್ಲ ಅನ್ನಿಸಿತು, ಇನ್ನೊಂದಡಿ ಇದೆ ಅಣ್ಣಾ, ಅಂದೆ. ಅವನು ನನ್ನ ಮುಖ ನೋಡಿದ, ಏನು ಕಂಡನೋ, ಮತ್ತೆ ಗುಂಡಿಗೆ ಇಳಿದ.

ಮೂರಡಿಗೆ ಮಣ್ಣಿನ ಬಣ್ಣ ತಿರುಗಿತು. ಮೊದಲು ಒಂದು ಮೂಲೆ ಕಪ್ಪಾಯಿತು, ಟೀ ಬಿದ್ದ ಬಟ್ಟೆಯ ಹಾಗೆ, ಆಮೇಲೆ ಗುದ್ದಲಿ ಠಕ್ ಎನ್ನುವುದು ಬಿಟ್ಟು ಚಪ್ ಎಂದಿತು, ಚಪ್, ಗುದ್ದಲಿಯಣ್ಣ ಕೈಯಿಂದ ಮರಳು ಸರಿಸಿದ, ಕೊಳವೆಯ ಮೈ ಕಂಡಿತು, ಮೈಮೇಲೆ ಕೂದಲಿನಂಥ ಬಿರುಕು, ಅಲ್ಲಿಂದ ನೀರು ಬೀಸಣಿಗೆ ಬಿಚ್ಚಿದ ಹಾಗೆ ತೆಳ್ಳಗೆ ಚಿಮ್ಮಿ ಅವನ ಮುಖಕ್ಕೇ ಹೊಡೆಯಿತು, ಅವನು ಬೈದ ಬೈಗುಳ ಇಡೀ ಓಣಿಗೆ ಕೇಳಿತು, ಅಷ್ಟು ಚೆಂದದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಸಿಕ್ತು ಸಿಕ್ತು, ಮೇಡಂ ಹೆಲ್ಮೆಟ್ಟಿನೊಳಗಿಂದಲೇ ಕೂಗಿದರು, ನನ್ನ ಬೆನ್ನಿಗೆ ಗುದ್ದಿದರು, ವಾಲ್ವು ತಿರುವಲು ಏರಿನ ಕಡೆ ಓಡಿದರು, ಜೀವದಲ್ಲಿ ಜೀವ ಬಂತು, ಬಂದದ್ದೇ ಹಳೆಯ ಟೈರಿನ ಮೇಲೆ ಕೂತುಬಿಟ್ಟೆ. ಟೈಲರಮ್ಮ ಅಳತೆಪಟ್ಟಿ ಕೊರಳಲ್ಲೇ ಇಟ್ಟುಕೊಂಡು ಓಡಿ ಬಂದರು, ಹಿಂದಕ್ಕೆ ತಿರುಗಿ ಕೂಗಿದರು, ಅತ್ತೇ, ಸಿಕ್ತಂತೆ! ಕಿಟಕಿಯಿಂದ ಅಜ್ಜಿಯ ದನಿ ಮೂವತ್ತು ಹೆಜ್ಜೆ ಏರಿ ಬಂತು, ನಂಗೆ ಆಗ್ಲೇ ಗೊತ್ತಾಯ್ತು, ಇವತ್ತು ಅವಳು ಬೆವರ್ಲಿಲ್ಲ. ಆಮೇಲೆ ನಾನೇ ಇಳಿದು ಹೋಗಿ ಕಿಟಕಿಯ ಸರಳು ಹಿಡಿದು ನಿಂತೆ, ಗೋಡೆ ಒಣಗೋಕೆ ಹದಿನೈದು ದಿನ ಬೇಕು ಅಜ್ಜಿ, ಬಿರುಕು ತುಂಬೋಕೆ ಮೇಸ್ತ್ರೀನ ಕರೀಬೇಕು, ಅಲ್ಲಿವರೆಗೆ ಒಳಗಿನ ಕೋಣೇಲಿ ಇರಿ, ನಂಗೋಸ್ಕರ. ಅಜ್ಜಿ ನನ್ನನ್ನು ನೋಡಿದರು, ಒಳಗೆ ಹೋದ್ರೆ ರಸ್ತೆ ಕಾಣಲ್ವಲ್ಲ ಮಗಳೇ. ಕೇಳ್ಸುತ್ತೆ ಅಜ್ಜಿ, ಅಂದೆ. ಅಜ್ಜಿ ಬೆರಳು ಮಡಿಸಿ ಎಣಿಸಿದರು, ಸರಿ, ಹದಿನೈದೇ ದಿನ, ಹದಿನಾರಕ್ಕೆ ನಾನಿಲ್ಲಿ. ಟೈಲರಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು, ಎರಡು ವರ್ಷದಿಂದ ನಾನು ಹೇಳಿದ್ದು ಗಾಳಿಗೆ ಹೋಯ್ತು, ಇವಳು ಒಂದು ಮಾತು ಅಂದ್ಲು ಅಂತ, ನೋಡ್ರಿ ಹೆಂಗಿದೆ. ಮೂವರೂ ನಕ್ಕೆವು, ನಗು ಕಿಟಕಿಯ ಈ ಕಡೆಯದೋ ಆ ಕಡೆಯದೋ, ಒಂದೇ ಆಗಿತ್ತು.

ಈಗ ಹನ್ನೆರಡು. ಬಿರುಕಿಗೆ ಪಟ್ಟಿ ಬಿಗಿದಾಯಿತು, ನೀರು ಬಿಟ್ಟು ನೋಡಿ ಆಯಿತು, ಹನಿ ಇಲ್ಲ, ಗುಂಡಿಯ ಕೆಸರನ್ನು ಬಕೆಟ್ಟಿನಲ್ಲಿ ಎತ್ತಿ ಹಾಕಿದರು, ಮುಚ್ಚುವ ಮೊದಲು ಕೊನೆಯ ಸಲ ಕೇಳಿಬಿಡಿ ಅಕ್ಕಾ, ಅಂದು ಮೇಡಂ ಕೋಲನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು, ಸ್ಟೋರ್ ರೂಮಿನ ಮಾತು ಎತ್ತಲಿಲ್ಲ, ಇನ್ನು ಎತ್ತುವುದಿಲ್ಲ. ಕೊಳವೆಗೆ ಕೋಲು ಊರಿದೆ. ಗೆರೆ ಇಲ್ಲ. ಸುಯ್ಯ್ ಸುಯ್ಯ್ ಇದೆ, ನನ್ನದು, ನಿಧಾನ, ಅದರ ಸುತ್ತ ಬೆಳಿಗ್ಗೆ ಇದ್ದದ್ದು ಇದೆಯೇ ಎಂದು ಕೇಳುತ್ತೇನೆ, ಅಂಗಡಿಗಳು ತೆರೆದಿವೆ, ಯಾರದೋ ರೇಡಿಯೊ, ಇದೆ ಅನ್ನಿಸುತ್ತದೆ, ಇಲ್ಲ ಅಂತಲೂ ಅನ್ನಿಸುತ್ತದೆ, ಮುಂದಿನ ಗುರುವಾರ ಟೀಚರಮ್ಮನಿಗೆ ಏನು ಹೇಳಲಿ, ಸಿಕ್ಕಿತು ಅನ್ನಲೇ, ಎರಡು ನಿಮಿಷಕ್ಕೆ ಸಿಕ್ಕಿತು ಅನ್ನಲೇ, ಅದು ಅವರು ಹೇಳಿದ ಹೃದಯವೋ ಅಥವಾ ಬಸ್ಸು ಹೋಗಿ ಅಂಗಡಿ ತೆರೆಯುವ ನಡುವಿನ ಓಣಿಯ ನಿಶ್ಶಬ್ದವೋ, ಅಜ್ಜಿಯ ಉಸಿರು ನನ್ನದು ಅನ್ನಿಸಿದ್ದು ನಿಜವೋ ಆಸೆಯೋ, ಉಸಿರಾಡದೆ ಒಂದೇ ಸಮ ಇದ್ದದ್ದು ಒಂದೇ ಅಲ್ಲ, ಎರಡಿತ್ತು, ನೀರು ಒಂದು, ಅದನ್ನು ಮುಚ್ಚಿದೆವು, ಇನ್ನೊಂದು ಏನು, ನನಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತೇನೆ, ಬರೆದು ಕೆಳಗೆ ಗೆರೆ ಎಳೆಯುವುದಿಲ್ಲ, ಅಣ್ಣಾ, ತಡಿ, ಇನ್ನೊಂದು ನಿಮಿಷ ಮುಚ್ಚಬೇಡ, ಮಣ್ಣು ಹಾಕಬೇಡ, ನುಣ್ಣಗೆ ಕಡಿದ ನಾಲ್ಕು ಗೋಡೆ, ಹಳದಿ ಮಣ್ಣು, ಏನೂ ಇಲ್ಲ, ತಳದಲ್ಲಿ ಕರವಸ್ತ್ರದಷ್ಟು ಬಿಸಿಲು, ಮಡಿಸಿ ಇಟ್ಟ ಹಾಗೆ, ಕರವಸ್ತ್ರದಷ್ಟು ಬಿಸಿಲು —